ಡಿಕ್ಕಿಯಲ್ಲಿ ಬೆಂದ ವೈನ್

ವೈನಿನ ವಿಷಯದಲ್ಲಿ ನನಗೆ ಬುದ್ಧಿ ಹೇಳಲು ಜನ ಸಾಲುಗಟ್ಟಿ ನಿಂತಿರುತ್ತಾರೆ. ಮೈಸೂರಿನ ಮಡಿ ಅಡುಗೆಮನೆಯಲ್ಲಿ ಬೆಳೆದವಳು, ಮೀನು ಮಾಂಸ ಮುಟ್ಟದವಳು, ಐವತ್ತರ ಹತ್ತಿರ ಬಂದ ಮೇಲೆ ಅರ್ಧ ಗ್ಲಾಸ್ ವೈನ್ ಹಿಡಿದು ಕೂತರೆ ಎಲ್ಲರಿಗೂ ತಮಾಷೆ. ಆಗಲಿ, ನಗಲಿ. ಆ ಅರ್ಧ ಗ್ಲಾಸನ್ನು ನನ್ನ ಕೈಗೆ ಮೊದಲು ಕೊಟ್ಟವರು ಹ್ಯೂಸ್ಟನ್ ಹತ್ತಿರದ ಸೈಪ್ರೆಸ್‌ನಲ್ಲಿ ನಮ್ಮ ಪಕ್ಕದ ಮನೆಯ ಇಂಗ್ಲೆಂಡಿನ ಹೆಂಗಸು. ನಿವೃತ್ತ ಸ್ಕೂಲ್ ಟೀಚರ್, ಒಂಟಿ ವಾಸ. ನಾನು ಆಂಟಿ ಎಂದು ಕರೆದಾಗ ಮೊದಮೊದಲು, "ನಾನೇನು ನಿಮ್ಮಮ್ಮನ ತಂಗಿಯಾ?" ಎಂದು ಗದರಿದ್ದರು. ಆಮೇಲೆ ಅಂಚೆಯವನ ಎದುರೂ ತಮ್ಮನ್ನು ಆಂಟಿ ಎಂದೇ ಹೇಳಿಕೊಳ್ಳತೊಡಗಿದರು.

ಅವರ ಋಣ ನನ್ನ ಮೇಲೆ ಬಹಳ ಇದೆ. ನಾವು ಡಾಲಸ್‌ನಿಂದ ಹ್ಯೂಸ್ಟನ್ನಿಗೆ ಶಿಫ್ಟ್ ಆದಾಗ ಹೈವೇ ಹತ್ತಲು ನನಗೆ ಧೈರ್ಯವಿರಲಿಲ್ಲ. ನಮ್ಮವರು ಡ್ರೈವಿಂಗ್ ಹೇಳಿಕೊಡಲು ಬಂದರೆ ಎರಡನೇ ಸಿಗ್ನಲ್ ದಾಟುವಷ್ಟರಲ್ಲಿ ಜಗಳ. ಒಂದು ದಿನ ಆಂಟಿ ನಮ್ಮ ಕೂಗಾಟ ಕೇಳಿ ಬಂದು, ಅವರನ್ನು ಕಾರಿನಿಂದ ಇಳಿಸಿ, ತಾವು ಪಕ್ಕದ ಸೀಟಿನಲ್ಲಿ ಕೂತರು. ಚಳಿಗಾಲವಿಡೀ ಕೂತರು. ನಾನು ಬ್ರೇಕ್ ಒತ್ತಿದಾಗಲೆಲ್ಲ ಅವರ ತಲೆ ಮುಂದೆ ಹೋಗಿ ಹಿಂದೆ ಬರುತ್ತಿತ್ತು; ಒಮ್ಮೆಯೂ ದನಿ ಏರಿಸಲಿಲ್ಲ. ನಾನಿವತ್ತು ಒಬ್ಬಳೇ ಕಾರು ಓಡಿಸಿಕೊಂಡು ಆಸ್ಟಿನ್ನಿನ ಆಫೀಸಿಗೆ ಹೋಗಿ ಬರುತ್ತೇನೆಂದರೆ ಅದು ಅವರ ದಯೆ.

ಪ್ರತಿ ಶುಕ್ರವಾರ ಅವರ ಮನೆಯಲ್ಲಿ ನಮ್ಮಿಬ್ಬರಿಗೂ ಊಟ. ಹಿಟ್ಟಿನಲ್ಲಿ ಅದ್ದಿ ಕರಿದ ಮೀನು, ದಪ್ಪಗೆ ಹೆಚ್ಚಿ ಕರಿದ ಆಲೂಗಡ್ಡೆ, ಬೇಯಿಸಿ ಮಸೆದ ಹಸಿರು ಬಟಾಣಿ. ಆಲೂಗಡ್ಡೆಯ ಮೇಲೆ ವಿನೆಗರ್ ಚಿಮುಕಿಸದೆ ತಿನ್ನುವವರನ್ನು ಕಂಡರೆ ಅವರಿಗೆ ಕನಿಕರ. ನನಗೆಂದೇ ಬೇರೆ ಬಾಣಲೆ, ಬೇರೆ ಎಣ್ಣೆ. ಬೆರೆತುಹೋಗಬಾರದೆಂದು ಆ ಬಾಣಲೆಯ ಹಿಡಿಗೆ ಕೆಂಪು ದಾರ ಕಟ್ಟಿದ್ದರು. ನನ್ನ ಸ್ವಂತ ಬಳಗದಲ್ಲಿ ಯಾರೂ ನನ್ನ ನೇಮವನ್ನು ಇಷ್ಟು ಅಕ್ಕರೆಯಿಂದ ಕಾದಿಲ್ಲ.

ಹೋದ ವರ್ಷ ಆಂಟಿಗೆ ಕೋವಿಡ್ ಬಂತು. ಜ್ವರ ಹೋಯಿತು, ಜೊತೆಗೆ ಮೂಗು ನಾಲಗೆ ಎರಡರ ಶಕ್ತಿಯೂ ಹೋಯಿತು. ತಿಂಗಳುಗಳು ಕಳೆದರೂ ತಿರುಗಿ ಬರಲಿಲ್ಲ. ಶುಕ್ರವಾರದ ಊಟ ನಿಂತಿತು. ನಾನು ಒಯ್ದುಕೊಟ್ಟ ಸಾರಿನ ಡಬ್ಬಿಯನ್ನು ಮುಚ್ಚಳ ಕೂಡ ತೆಗೆಯದೆ ವಾಪಸ್ ಕೊಟ್ಟರು. "ನನಗೆ ಎಲ್ಲವೂ ರಟ್ಟು ಅಗಿದ ಹಾಗೆ. ಸುಮ್ಮನೆ ಯಾಕೆ ದಂಡ ಮಾಡ್ತೀಯ?" ಎಂದರು. ಅವರ ಅಂಗಿ ಮೈಮೇಲೆ ಜೋತಾಡುತ್ತಿತ್ತು. ಹೀಗೇ ಬಿಟ್ಟರೆ ಇವರು ಊಟವನ್ನೇ ಬಿಡುತ್ತಾರೆ ಎಂದು ನನಗೆ ಹೆದರಿಕೆಯಾಯಿತು. ಹೆದರಿಕೆಯಾದರೆ ನನಗೆ ಮೊದಲು ಬರುವುದು ಸಿಟ್ಟು.

"ಶುಕ್ರವಾರ ನಾವು ಬರ್ತೀವಿ. ನೀವು ಅಡುಗೆ ಮಾಡ್ಬೇಕು," ಎಂದೆ.

"ಉಪ್ಪು ನೋಡಕ್ಕಾಗದವಳು ಬೇರೆಯವರಿಗೆ ಹೇಗೆ ಬಡಿಸಲಿ?"

"ನಮ್ಮಮ್ಮ ಜೀವಮಾನವೆಲ್ಲ ಉಪ್ಪು ನೋಡದೇ ಮಾಡಿದ್ದು ಆಂಟಿ."

ಅವರು ನಂಬಲಿಲ್ಲ. ವಿವರಿಸಿದೆ. ನಮ್ಮ ಮನೆಯಲ್ಲಿ ದೇವರ ನೈವೇದ್ಯ ಆಗುವವರೆಗೆ ಅಡುಗೆ ಮಾಡಿದವರು ಅದನ್ನು ಬಾಯಿಗೆ ಹಾಕುವಂತಿಲ್ಲ, ಹಾಕಿದರೆ ಎಂಜಲು. ಹಾಗಾಗಿ ಉಪ್ಪು ಎಷ್ಟೆಂದು ಕೈಗೆ ಗೊತ್ತಿರಬೇಕು, ಎಣ್ಣೆ ಕಾದದ್ದು ಕಿವಿಗೆ ಗೊತ್ತಾಗಬೇಕು.

"ತಪ್ಪಿದರೆ?"

"ದೇವರು ಸುಮ್ಮನಿರ್ತಾನೆ. ಉಳಿದವರು ಉಪ್ಪಿನಕಾಯಿ ಹಾಕಿಸ್ಕೊತಾರೆ."

ಆಂಟಿ ನಕ್ಕರು. ಎಷ್ಟೋ ದಿನದ ಮೇಲೆ ಆ ನಗು ಕೇಳಿದ್ದು. ಸರಿ, ವೈನ್ ನೀನು ತಾ ಎಂದರು.

ವೈನ್ ಎಂದರೆ ಸಲಹೆಗೆ ನಮಗೊಬ್ಬ ಗೆಳೆಯರಿದ್ದಾರೆ. ಧಾರವಾಡದವರು, ಡಾಲಸ್ ಹತ್ತಿರದ ಲಾಸ್ ಕೊಲಿನಾಸ್‌ನಲ್ಲಿ ಕೆಲಸ, ವೈನಿನ ಕೋರ್ಸ್ ಬೇರೆ ಮಾಡಿದ್ದಾರೆ. ಫೋನ್ ಮಾಡಿದರೆ, "ಕರಿದದ್ದಕ್ಕ ಹುಳಿ ಮುಂದ ಇರೋ ಬಿಳಿ ವೈನ್ ತಗೋರಿ. ನಾನೂ ಬರ್ತೀನ್ರಿ ಶುಕ್ರವಾರ," ಎಂದರು. ಬಜ್ಜಿಗೆ ಹುಣಸೆ ಚಟ್ನಿ ಬೇಕೆನ್ನುವುದು ನನಗೆ ಕೋರ್ಸ್ ಮಾಡದೆಯೇ ಗೊತ್ತಿತ್ತು, ಆದರೆ ಹೇಳಲಿಲ್ಲ.

ಗುರುವಾರ ಆಸ್ಟಿನ್ನಿಗೆ ಹೋದವಳು ದ ಡೊಮೇನ್ ಮಾಲ್ ಹತ್ತಿರದ ಅಂಗಡಿಯಲ್ಲಿ ಬೆಳಿಗ್ಗೆಯೇ ಒಳ್ಳೆಯ ಬಾಟಲಿ ಆರಿಸಿ, ಕಾರಿನ ಡಿಕ್ಕಿಯಲ್ಲಿಟ್ಟು, ಮೀಟಿಂಗಿಗೆ ಹೋದೆ. ಕಾರು ಸಂಜೆಯವರೆಗೆ ಬಿಸಿಲಲ್ಲಿ. ಆಗಸ್ಟಿನಲ್ಲಿ ಇಲ್ಲಿಯ ಡಿಕ್ಕಿಯಲ್ಲಿ ಸಂಡಿಗೆ ಒಣಗಿಸಬಹುದು. ಮನೆಗೆ ಬಂದಾಗಲೂ ಬಾಟಲಿ ನೆನಪಾಗಲಿಲ್ಲ; ಮಾರನೇ ದಿನ ಸಂಜೆ ತೆಗೆದು ಗಡಿಬಿಡಿಯಲ್ಲಿ ಐಸಿನಲ್ಲಿಟ್ಟು ಒಯ್ದೆ.

ಆಂಟಿ ಒಲೆಯ ಮುಂದೆ ಕಿವಿ ವಾಲಿಸಿ ನಿಂತಿದ್ದರು. ಎಣ್ಣೆಯ ಸದ್ದು ಕೇಳುತ್ತಾ ಮೀನು ಬಿಟ್ಟರು, ಸದ್ದು ಸಣ್ಣದಾಗುತ್ತಿದ್ದಂತೆ ತೆಗೆದರು. ಮೀನಿನ ಬಣ್ಣ ನೋಡಿಯೇ ನಮ್ಮವರು ತಲೆದೂಗಿದರು. ನನ್ನ ಪಾಲಿನ ಆಲೂಗಡ್ಡೆಗೆ ಉಪ್ಪು ಒಂದು ಕೈ ಮುಂದಿತ್ತು. ನಾನು ದೇವರ ಹಾಗೆ ಸುಮ್ಮನಿದ್ದೆ. ಆಂಟಿ ಮಾತ್ರ ತಮ್ಮ ತಟ್ಟೆಯನ್ನು ಫೋರ್ಕಿನಿಂದ ಕೆದಕುತ್ತಾ, ನಾವು ತಿನ್ನುವುದನ್ನು ನೋಡುತ್ತಾ ಕೂತಿದ್ದರು.

ಧಾರವಾಡದ ಗೆಳೆಯರು ಬಾಟಲಿ ಎತ್ತಿಕೊಂಡು, "ಬಿರಡೆ ಸ್ವಲ್ಪ ಮ್ಯಾಲ ಎದ್ದೇತಲ್ರಿ," ಎಂದರು. ಬಿಚ್ಚಿ, ಪದ್ಧತಿಯಂತೆ ತಮ್ಮ ಗ್ಲಾಸಿಗೆ ಗುಟುಕು ಹಾಕಿಕೊಳ್ಳಲು ಹೋದರು. ತಂದವರ ಪೈಕಿ ಯಾರಾದರೂ ಮೊದಲು ರುಚಿ ನೋಡಿ, ಸರಿಯಿದ್ದರೆ ಉಳಿದವರಿಗೆ ಕೊಡುವುದು ವೈನಿನ ಕ್ರಮ. ನನಗೆ ಅದು ಯಾವತ್ತೂ ಒಪ್ಪಿಗೆಯಾಗಿಲ್ಲ. ಬಡಿಸುವ ಮೊದಲೇ ನಾವು ಬಾಯಿಗಿಡುವುದೇ? ಬಾಟಲಿ ಕಿತ್ತುಕೊಂಡು, "ಮೊದಲು ಆಂಟಿಗೆ," ಎಂದು ಅವರ ಗ್ಲಾಸ್ ತುಂಬಿದೆ.

"ಟೇಸ್ಟ್ ಮಾಡ್ಬೇಕ್ರೀ ಅಕ್ಕಾರ," ಎಂದು ಗೆಳೆಯರು ಗೋಗರೆಯುತ್ತಿದ್ದರು.

ಆಂಟಿ ನನ್ನ ಮನಸ್ಸು ನೋಯಬಾರದೆಂದು ಒಂದು ದೊಡ್ಡ ಗುಟುಕನ್ನೇ ಕುಡಿದರು. ಮುಖ ಕಿವುಚಿದರು. ಕಣ್ಣು ಮುಚ್ಚಿತು. "ಅಯ್ಯೋ ದೇವರೇ, ಇದೇನಿದು, ಇಷ್ಟು ಹುಳಿ!"

ಗೆಳೆಯರು ಅವರ ಗ್ಲಾಸನ್ನು ಮೂಸಿ, "ಕೆಟ್ಟೇತ್ರಿ, ವಿನೆಗರ್ ಹಂಗ ಆಗೇತಿ. ಬಿಸಿಲಾಗ ಇಟ್ಟಿದ್ರೇನು?" ಎಂದು ನನ್ನತ್ತ ತಿರುಗಿದರು. ನಾನು ಆಂಟಿಯನ್ನೇ ನೋಡುತ್ತಿದ್ದೆ. ನಮ್ಮವರ ಕೈಯಲ್ಲಿದ್ದ ಫೋರ್ಕ್ ಅಲ್ಲೇ ನಿಂತಿತ್ತು. ಆಂಟಿ ಏನು ಹೇಳಿದರೆಂದು ಆಗ ಗೆಳೆಯರಿಗೂ ಹೊಳೆಯಿತು.

ಆಂಟಿ ಇನ್ನೊಂದು ಸಣ್ಣ ಗುಟುಕು ಬಾಯಲ್ಲಿ ಇಟ್ಟುಕೊಂಡು ನುಂಗಿದರು. "ಹೌದು," ಎಂದರು ಮೆಲ್ಲಗೆ. "ಹುಳಿಯೇ."

"ಉಪ್ಪು ಗೊತ್ತಾಗತ್ತಾ?" ಎಂದು ಕೇಳಿದೆ.

ಒಂದು ತುಂಡು ಆಲೂಗಡ್ಡೆ ಅಗಿದು ನೋಡಿದರು. "ಇಲ್ಲ. ಹುಳಿ ಮಾತ್ರ." ಆಮೇಲೆ ಗ್ಲಾಸನ್ನು ಬಗ್ಗಿಸಿ, ವಿನೆಗರ್ ಚಿಮುಕಿಸುವ ಹಾಗೆ, ಆ ಕೆಟ್ಟ ವೈನನ್ನು ತಮ್ಮ ಆಲೂಗಡ್ಡೆಯ ಮೇಲೆ ಹಾಕಿಕೊಂಡು, ಫೋರ್ಕ್ ಬಿಟ್ಟು ಕೈಯಿಂದಲೇ ತಿನ್ನತೊಡಗಿದರು. ಮೀನಿಗೂ ಹಾಕಿಕೊಂಡರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಬಾಯಿ ನಿಲ್ಲಲಿಲ್ಲ. ಆ ಬಿಸಿಲಿಗೂ ನನ್ನ ಮರೆವಿಗೂ ನಾನು ಮನಸ್ಸಿನಲ್ಲೇ ಕೈಮುಗಿದೆ.

ಅವರ ಆಲೂಗಡ್ಡೆ ಮುಗಿಯಿತು. ಯಾರನ್ನೂ ಕೇಳದೆ, ಮೀನು ಮುಟ್ಟಿದ ಬೆರಳಿನಲ್ಲೇ ನನ್ನ ತಟ್ಟೆಯಿಂದ ಒಂದು ತುಂಡು ಎತ್ತಿಕೊಂಡರು. ನನಗಾಗಿ ಬಾಣಲೆಗೆ ಕೆಂಪು ದಾರ ಕಟ್ಟಿದ ಕೈ ಅದು. ಏನು ಮಾಡಿದೆನೆಂದು ಅವರಿಗೇ ತಟ್ಟನೆ ತಿಳಿದು, ಗಾಬರಿಯಿಂದ ನನ್ನ ಮುಖ ನೋಡಿದರು.

ನಾನು ನನ್ನ ತಟ್ಟೆಯನ್ನು ಅವರ ಮುಂದಕ್ಕೆ ಸರಿಸಿದೆ.