ಯಾವ ಚೆನ್?

ಬೆಳಿಗ್ಗೆ ನಾನು ಪಾಳ್ಯದ ಅಕ್ಕನ ಮನೆಗೆ ಹೋಗುವುದು ಅವಳಿಗೆ ಪತ್ರಿಕೆ ಓದಿ ಹೇಳಲು ಎಂದು ಊರೆಲ್ಲ ನಂಬಿದೆ. ನಿಜ ಹೇಳಿಬಿಡುತ್ತೇನೆ, ಹೋಗುವುದು ಕಾಫಿಗೆ. ಅಕ್ಕನ ಕಣ್ಣಿಗೆ ಪೊರೆ ಬಂದ ಮೇಲೆ ಓದುವ ಕೆಲಸ ನನ್ನ ಪಾಲಿಗೆ ಬಂತು. ಕೇಳುವವಳು ಅವಳೊಬ್ಬಳೇ ಆದರೂ ರೇಡಿಯೋ ವಾರ್ತೆಯವನ ಗತ್ತಿನಲ್ಲೇ ಓದುತ್ತೇನೆ.

ವಿದೇಶದ ಸುದ್ದಿಯಲ್ಲಿ ಅಕ್ಕನಿಗೆ ಗುರುತಿರುವುದು ಒಬ್ಬನೇ, ಚೀನಾದ ಚೆನ್. ಒಂದು ದಿನ ಚೆನ್ ಎಂಬ ಮಂತ್ರಿ ಯಾವುದೋ ದೇಶಕ್ಕೆ ಹೋಗಿ ಕೈಕುಲುಕಿದ. ಮರುದಿನ ಬ್ಯಾಡ್ಮಿಂಟನ್‌ನಲ್ಲಿ ಚೆನ್ ಗೆದ್ದ. ಅದೇ ವಾರ ಲಂಚ ತಿಂದು ಚೆನ್ ಸಿಕ್ಕಿಬಿದ್ದ. "ಅಯ್ಯೋ, ಅಷ್ಟು ಸಂದಾಗಿ ಆಡ್ತಿದ್ದೋನಿಗೆ ಈ ಬುದ್ಧಿ ಯಾಕ್ ಬಂತೋ!" ಎಂದು ಅಕ್ಕ ಹಣೆ ಚಚ್ಚಿಕೊಂಡಳು.

ಅವರೆಲ್ಲ ಬೇರೆ ಬೇರೆ ಜನ ಎಂದು ತಿಳಿಹೇಳಲು ನಾನು ನನ್ನ ಪಾಂಡಿತ್ಯ ಬಿಚ್ಚಿದೆ. ಅಲ್ಲಿ ಮನೆತನದ ಹೆಸರು ಮೊದಲು, ತನ್ನ ಹೆಸರು ಆಮೇಲೆ. ಜನ ಕೋಟಿಗಟ್ಟಲೆ, ಮನೆತನದ ಹೆಸರುಗಳು ಮಾತ್ರ ಕೆಲವೇ. ತಲೆಬರಹದಲ್ಲಿ ಜಾಗ ಸಾಲದೆ ಪತ್ರಿಕೆಯವರು ಮನೆತನ ಉಳಿಸಿಕೊಂಡು ಮನುಷ್ಯನನ್ನು ಬಿಟ್ಟುಬಿಡುತ್ತಾರೆ. ಅಕ್ಕ ಎಲ್ಲ ಕೇಳಿಸಿಕೊಂಡು, "ನಮ್ಮೂರಂಗೇ ಐತಲ್ಲೋ," ಎಂದಳು. ನನಗೆ ಚುರುಕ್ಕೆಂದಿತು.

ನಮ್ಮ ಕಡೆ ಚೆನ್ನಪ್ಪಂದಿರಿಗೇನು ಬರವೇ? ಅಂಗಡಿ ಚೆನ್ನಪ್ಪ, ಉದ್ದನೆ ಚೆನ್ನಪ್ಪ, ಮಾರನಹಳ್ಳಿ ಚೆನ್ನಪ್ಪ. ತೀರಿಕೊಂಡ ನಮ್ಮ ಭಾವನೂ ಚೆನ್ನಪ್ಪನೇ. ಅಕ್ಕ ಹಳೆಯ ಕಾಲದವಳು, ಗಂಡನ ಹೆಸರು ಬಾಯಲ್ಲಿ ಹೇಳಿದವಳಲ್ಲ. ಬ್ಯಾಂಕಿನಲ್ಲಿ ಕೇಳಿದರೆ ನನ್ನನ್ನು ತಿವಿದು ಹೇಳಿಸುತ್ತಿದ್ದಳು. ಅಷ್ಟೇ ಏಕೆ, 'ಚೆನ್ನಾಗಿ' ಎಂಬ ಮಾತನ್ನೂ ಆಡುವುದಿಲ್ಲ, ಅವಳಿಗೆ ಎಲ್ಲವೂ 'ಸಂದಾಗಿ'. ಚೀನಾದವನೂ ಅವಳ ಬಾಯಲ್ಲಿ 'ಆ ಮಂತ್ರಿ' ಮಾತ್ರ.

ಹೋದ ವರ್ಷ ಭಾವ ತೀರಿಕೊಂಡಾಗ ನಾನೇ ಎಲ್ಲರಿಗೂ ಫೋನ್ ಮಾಡಿದ್ದು. ಎಲ್ಲರದೂ ಒಂದೇ ಪ್ರಶ್ನೆ, "ಯಾವ ಚೆನ್ನಪ್ಪ?" ನಾನು ಬಿಡಿಸಿ ಹೇಳಿದ ಮೇಲೆ ನೆಂಟರೊಬ್ಬರು, "ಸದ್ಯ, ಅಂಗಡಿ ಚೆನ್ನಪ್ಪ ಅಲ್ವಲ್ಲ! ಎದೆ ಒಡ್ದೋಗಿತ್ತು ಕಣ್ರೀ," ಎಂದುಬಿಟ್ಟರು. ಫೋನು ಸ್ಪೀಕರಿನಲ್ಲಿತ್ತು, ಅಕ್ಕ ಪಕ್ಕದಲ್ಲೇ ಕೂತಿದ್ದಳು. ಆಮೇಲೆ ಬಂದವರೆಲ್ಲ ಅತ್ತರು, ಅವಳು ಅಳಲಿಲ್ಲ. ಆ 'ಸದ್ಯ' ಅವಳ ಗಂಟಲಲ್ಲಿ ಸಿಕ್ಕಿಕೊಂಡಿದೆ ಎಂದು ನನಗೆ ಗೊತ್ತಿತ್ತು. ಆದರೆ ಆ ಮಾತು ತೆಗೆಯುವ ಧೈರ್ಯ ನನಗೆ ಬರಲೇ ಇಲ್ಲ.

ಮೊನ್ನೆ ಪತ್ರಿಕೆಯಲ್ಲಿ 'ಚೆನ್ ನಿಧನ' ಎಂದಿತ್ತು. ಅಕ್ಕ ಗಾಬರಿಯಾದಳು. "ಆ ಮಂತ್ರೀನೇನೋ?"

"ಅಲ್ಲಕ್ಕ, ಯಾರೋ ಹಳೇ ನಟ. ಸದ್ಯ, ನಿನ್ನ ಮಂತ್ರಿ ಅಲ್ಲ."

ನಾಲಿಗೆ ಕಚ್ಚಿಕೊಂಡೆ. ಅಕ್ಕ ಬೈಯಲಿಲ್ಲ. ಕಾಫಿ ಲೋಟ ಕೆಳಗಿಟ್ಟಳು.

"ಹಂಗನ್ಬ್ಯಾಡ ಕಣೋ. ಸತ್ತೋನ ಹೆಂಡ್ರು, ಆಯಮ್ಮಂಗೆ ಈ ಲೋಕ್ದಲ್ಲಿ ಇದ್ದಿದ್ದು ಒಬ್ರೇ ಚೆನ್ನಪ್ಪ."

ಅಂದವಳೇ, ಬಾಯಿಂದ ಬಂದ ಹೆಸರು ತನಗೇ ಕೇಳಿಸಿ, ಭಾವ ಹೋದ ಮೇಲೆ ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತಳು.