ಹಗುರ ಮರ ಆರಿಸುತ್ತಿದ್ದ ಡಾಕ್ಟ್ರು

ಮರದ ತೆಳು ಹಾಳೆಯನ್ನು ಮೇಲ್ದುಟಿಗೆ ಸೋಕಿಸಿ, ಕಣ್ಣು ಮುಚ್ಚಿಕೊಂಡು, ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಎಳೆಯುತ್ತಿದ್ದರು ಡಾಕ್ಟ್ರು. ಬೆರಳಿಗೆ ಸಿಗದ ಉಬ್ಬುತಗ್ಗು ತುಟಿಗೆ ಸಿಗುತ್ತದೆ ಎನ್ನುವುದು ಅವರ ನಂಬಿಕೆ. ಅದಕ್ಕಾಗಿಯೇ ಮೀಸೆ ಬಿಡಲಿಲ್ಲವೆಂದು ಹೇಳುತ್ತಿದ್ದರು. ಇದೆಲ್ಲ ನಡೆಯುತ್ತಿದ್ದದ್ದು ಶಿವಮೊಗ್ಗದ ನನ್ನ ಕೊರಿಯರ್ ಆಫೀಸಿನ ಕೌಂಟರಿನ ಮುಂದೆ. ಪಾರ್ಸೆಲ್ಲಿಗೆಂದು ಬಂದ ಹೊಸಬರು ಬಿಟ್ಟ ಕಣ್ಣು ಬಿಟ್ಟ ಹಾಗೆಯೇ ನಿಲ್ಲುತ್ತಿದ್ದರು. ನಾನು ನಗು ತಡೆದುಕೊಂಡು ಅವರ ಸಹಿ ಹಾಕಿಸಿಕೊಳ್ಳುತ್ತಿದ್ದೆ.

ಅವರು ಹಲ್ಲಿನ ಡಾಕ್ಟರು. ಮನೆ ಭದ್ರಾವತಿಯ ನ್ಯೂಟೌನಿನಲ್ಲಿ, ಕ್ಲಿನಿಕ್ ನನ್ನ ಆಫೀಸಿನ ಮೇಲಿನ ಮಹಡಿಯಲ್ಲಿ. ನಕ್ಷೆ ನೋಡಿಕೊಂಡು ಮರದಲ್ಲಿ ಪುಟ್ಟ ವಿಮಾನ ಕಟ್ಟಿ ಹಾರಿಸುವುದು ಅವರ ಹುಚ್ಚು. ಅದಕ್ಕೆ ಬಾಲ್ಸಾ ಎಂಬ ಹಗುರ ಮರವೇ ಆಗಬೇಕು. ಕೋಲ್ಕತ್ತಾದ ವ್ಯಾಪಾರಿಯೊಬ್ಬರು ಉದ್ದನೆಯ ಡಬ್ಬದಲ್ಲಿ ಕಳಿಸುತ್ತಿದ್ದರು. ಮನೆಗೇ ತರಿಸಿಕೊಳ್ಳಬಹುದಿತ್ತು. ಆದರೆ ಮಲವಗೊಪ್ಪ ದಾಟಿ ಮನೆ ಸೇರುವವರೆಗೆ ಕಾಯುವ ತಾಳ್ಮೆ ಆ ಮನುಷ್ಯನಿಗೆ ಎಲ್ಲಿತ್ತು!

ಮೊದಮೊದಲು ನಮ್ಮ ಕಡೆಯ ಮರದಲ್ಲೇ ಪ್ರಯತ್ನಪಟ್ಟಿದ್ದರಂತೆ. ಬೂರುಗವೂ ಬಾಲ್ಸಾವೂ ಒಂದೇ ಕುಲದವು ಎಂದು ಎಲ್ಲೋ ಓದಿ, ಭದ್ರಾವತಿಯ ಸಾಮಿಲ್ಲಿಗೆ ಹೋಗಿ ಬೂರುಗದ ಹಲಗೆಯನ್ನು ಕಾಗದದಷ್ಟು ತೆಳ್ಳಗೆ ಸೀಳಿಕೊಡಿ ಎಂದರಂತೆ. "ಹೋಗಿ ಹೋಗಿ ಬೂರುಗ ಕೇಳ್ತೀರಲ್ಲ ಡಾಕ್ಟ್ರೇ, ಯಾರಿಗೆ ಹಲ್ಲುಸೆಟ್ಟು ಮಾಡ್ತೀರಿ?" ಎಂದು ಸಾಮಿಲ್ಲಿನವನು ನಕ್ಕನಂತೆ. ಆ ವಿಮಾನ ಸೋಗಾನೆಯ ಬಯಲಿನಲ್ಲಿ ಏಳುವ ಹಾಗೆ ಮಾಡಿ ಮುಗ್ಗರಿಸಿ ಬಿತ್ತು. ಅದನ್ನು ಅವರು ಕೊನೆಯವರೆಗೂ 'ನನ್ನ ಎಮ್ಮೆ' ಎಂದೇ ಕರೆದರು. ಮುಂದೆ ಸೋಗಾನೆಯಲ್ಲಿ ವಿಮಾನ ನಿಲ್ದಾಣವೇ ಬಂತು, ಅಲ್ಲಿ ಆಟದ ವಿಮಾನ ಹಾರಿಸುವಂತಿರಲಿಲ್ಲ. "ದೊಡ್ಡವ್ರು ಬಂದ್ರು, ನಮ್ಮನ್ನ ಎಬ್ಬಿಸಿದ್ರು ಮಾರಾಯ್ತಿ" ಎಂದು ನಕ್ಕರು. ಬೇಜಾರಾಗಿತ್ತು, ನನಗೆ ಗೊತ್ತು.

ಬಾಲ್ಸಾ ಬಂದ ದಿನ ನನ್ನ ತೂಕದ ಯಂತ್ರ ಅವರದ್ದಾಗುತ್ತಿತ್ತು. ಒಂದೇ ಅಳತೆಯ ಹಾಳೆಗಳಾದರೂ ಒಂದರ ತೂಕ ಇನ್ನೊಂದಕ್ಕಿಲ್ಲ. ಯಂತ್ರಕ್ಕಿಡುವ ಮೊದಲು ಎರಡೂ ಅಂಗೈ ಮೇಲಿಟ್ಟುಕೊಂಡು ಯಾವುದು ಭಾರ, ಯಾವುದು ಹಗುರ ಎಂದು ಹೇಳಬೇಕು. ನನ್ನ ಕೈಲೂ ಹೇಳಿಸುತ್ತಿದ್ದರು. ಗಟ್ಟಿಯಾದದ್ದು ರೆಕ್ಕೆಯ ಉದ್ದ ಕೋಲಿಗೆ, ಎಲ್ಲಕ್ಕಿಂತ ಹಗುರವಾದದ್ದು ಬಾಲಕ್ಕೆ. "ಬಾಲದಲ್ಲಿ ಒಂದು ಗುಂಜಿ ಜಾಸ್ತಿ ಆದ್ರೆ ಮೂತಿಲಿ ಮೂರು ಗುಂಜಿ ಸೀಸ ಇಡ್ಬೇಕು" ಎನ್ನುತ್ತಿದ್ದರು. ನಕ್ಷೆಗಳೆಲ್ಲ ಇಂಚಿನಲ್ಲಿ, ವ್ಯಾಪಾರಿಯ ಹಾಳೆಗಳು ಮಿಲಿಮೀಟರಿನಲ್ಲಿ. ಅದಕ್ಕೇ ಯಾವಾಗಲೂ ಒಂದು ಕೂದಲಷ್ಟು ದಪ್ಪದ್ದನ್ನೇ ತರಿಸಿ, ಉಪ್ಪುಕಾಗದದಲ್ಲಿ ಉಜ್ಜಿ ಅಳತೆಗೆ ತರುತ್ತಿದ್ದರು.

ಒಂದು ಮಧ್ಯಾಹ್ನ ಕೆಂಡದಂಥ ಮುಖ ಮಾಡಿಕೊಂಡು ಮಹಡಿಯಿಂದ ಇಳಿದು ಬಂದರು. ಒಂದು ಕೈಯಲ್ಲಿ ಹೊಸ ವಿಮಾನದ ನಕ್ಷೆ, ಇನ್ನೊಂದು ಕೈಯಲ್ಲಿ ರೆಕ್ಕೆಗೆಂದು ತಾವೇ ಕತ್ತರಿಸಿದ ಪಕ್ಕೆಲುಬಿನಂಥ ತುಂಡುಗಳು. ಉದ್ದ ಕೋಲು ಕೂರಬೇಕಾದ ಕಚ್ಚುಗಳು ಒಂದರಲ್ಲಿ ಸಡಿಲ, ಇನ್ನೊಂದರಲ್ಲಿ ಬಿಗಿ. "ಜೆರಾಕ್ಸ್ ಮಾಡೋವಾಗ ನಕ್ಷೆ ಹಿಗ್ಗಿಸಿದಾನೆ. ಬಾ, ಸಾಕ್ಷಿಗೆ ನೀನೂ ಬಾ" ಎಂದು ಪಕ್ಕದ ಅಂಗಡಿಗೆ ಎಳೆದುಕೊಂಡು ಹೋದರು.

ಜೆರಾಕ್ಸ್ ಅಂಗಡಿಯ ಸಾಹೇಬರು ಸಮಾಧಾನದ ಮನುಷ್ಯ. ಬೈಗುಳವನ್ನೆಲ್ಲ ಕೇಳಿಸಿಕೊಂಡು ಉಕ್ಕಿನ ಸ್ಕೇಲು ಮುಂದಿಟ್ಟರು. "ಅಳೆದು ನೋಡಿ ಡಾಕ್ಟರ್ ಸಾಬ್. ಕೂದಲಷ್ಟು ಫರಕ್ ಇದ್ರೆ ಈ ಮಿಶಿನ್ನೇ ಹೊರಗೆ ಬಿಸಾಕ್ತೀನಿ."

ಡಾಕ್ಟ್ರು ಅಳೆದರು. ಜೆರಾಕ್ಸನ್ನು ಮೂಲ ನಕ್ಷೆಯ ಮೇಲಿಟ್ಟು ಬೆಳಕಿಗೆ ಹಿಡಿದರು. ಗೆರೆಯ ಮೇಲೆ ಗೆರೆ ಕೂತಿತ್ತು. ಆಮೇಲೆ ಮರದ ತುಂಡುಗಳನ್ನು ಒಂದೊಂದಾಗಿ ನಕ್ಷೆಯ ಮೇಲಿಡುತ್ತಾ ಬಂದರು. ಒಂದರ ಕಚ್ಚೂ ಗೆರೆಗೆ ಕೂರಲಿಲ್ಲ. ಇಡುವಾಗ ಅವರ ಬಲಗೈ ಬೆರಳುಗಳು ಕಾಗದದ ಮೇಲೆ ಸಣ್ಣಗೆ ಟಪಟಪ ಎಂದವು. ಆ ಸದ್ದು ಮೂವರಿಗೂ ಕೇಳಿಸಿತು. ಸಾಹೇಬರು ಚಾ ತರಿಸುತ್ತೇನೆಂದು ಹೊರಗೆ ಹೋದರು.

ಡಾಕ್ಟ್ರು ಚಾ ಕುಡಿಯಲಿಲ್ಲ. ಮಹಡಿ ಹತ್ತಿ ಹೋಗಿ ಅವತ್ತು ಕಾದು ಕೂತಿದ್ದವರನ್ನೆಲ್ಲ ಬೇರೆ ಡಾಕ್ಟರ ಹತ್ತಿರ ಕಳಿಸಿಬಿಟ್ಟರು. ಕೈ ನಡುಗುವ ಆ ಕಾಯಿಲೆಗೆ ದೊಡ್ಡ ಡಾಕ್ಟರು ಹೆಸರು ಹೇಳಿದ್ದು ಆಮೇಲೆ. ಅಷ್ಟರಲ್ಲಿ ಕ್ಲಿನಿಕ್ಕಿನ ಬೋರ್ಡು ಇಳಿದಿತ್ತು. ಇಷ್ಟು ಬೇಗ ಯಾಕೆ ಡಾಕ್ಟ್ರೇ, ಮಾತ್ರೆ ತಗೊಂಡು ನೋಡಬಹುದಿತ್ತಲ್ಲ ಎಂದೆ. "ಮರ ಕೆಟ್ರೆ ಬಿಸಾಕ್ಬಹುದು. ಯಾರದೋ ದವಡೆ ಬಿಸಾಕಕ್ಕಾಗುತ್ತಾ ಮಾರಾಯ್ತಿ?" ಎಂದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲವೇನೋ.

ಅರ್ಧಕ್ಕೆ ನಿಂತ ಆ ವಿಮಾನವನ್ನು ಮುಗಿಸಲೇಬೇಕೆಂದು ಹಟ ಹಿಡಿದೆ. ಭಾನುವಾರಗಳಂದು ಬಸ್ಸು ಹತ್ತಿ ಭದ್ರಾವತಿಗೆ ಹೋಗುತ್ತಿದ್ದೆ. ಅವರು ಹಾಳೆ ಆರಿಸಿ ಕೊಡುವುದು, ನಾನು ಕತ್ತರಿಸುವುದು. ಬ್ಲೇಡನ್ನು ಒಂದೇ ಸಲಕ್ಕೆ ಒತ್ತಬಾರದು, ಮೂರ್ನಾಲ್ಕು ಸಲ ಹಗುರವಾಗಿ ಎಳೆಯಬೇಕು ಎಂದು ಹೇಳಿ ಹೇಳಿ ಸಾಕಾಗುತ್ತಿತ್ತು ಅವರಿಗೆ. "ನೀನು ಮರ ಕೊಯ್ತಿದ್ದೀಯೋ, ಕುಂಬಳಕಾಯಿ ಹೆಚ್ತಿದ್ದೀಯೋ?" ಎಂದು ಗದರುತ್ತಿದ್ದರು. ಕೈ ಪಳಗಿದ ಮೇಲೆ ಒಂದು ದಿನ, ಹಾಳೆಯನ್ನೂ ನಾನೇ ಆರಿಸಲಾ ಎಂದು ಕೇಳಿದೆ. ಹಾಳೆಗಳ ಕಟ್ಟನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಅದೊಂದು ನನಗೆ ಬಿಡು. ಅದೂ ಹೋದ್ರೆ ನಾನಿಲ್ಲಿ ಸುಮ್ನೆ ಕೂತಿರೋ ಮುದುಕ" ಎಂದರು.

ಮತ್ತೆ ನಾನು ಕೇಳಲಿಲ್ಲ. ತುಟಿಗೆ ಹಿಡಿದ ಹಾಳೆ ನಡುಗುತ್ತಿತ್ತು. ಕೆಲವು ಮುರಿದೂ ಹೋದವು. ಆದರೂ ಅವರು ತೆಗೆದುಕೊಟ್ಟ ಹಾಳೆ ಒಂದು ಸಲವೂ ಹುಸಿಹೋಗಲಿಲ್ಲ.

ಕೊನೆಕೊನೆಗೆ ಹಾಸಿಗೆಯಿಂದ ಕುರ್ಚಿಗೆ ಕೂರಿಸಲು ಇಬ್ಬರು ಬೇಕಾಯಿತು. ಒಂದು ಕಡೆ ಅವರ ಹೆಂಡತಿ, ನಾನು ಅಮ್ಮ ಎಂದು ಕರೆಯುತ್ತಿದ್ದವರು, ಇನ್ನೊಂದು ಕಡೆ ನಾನು. ಒಂದು ಭಾನುವಾರ ತೋಳು ಹಿಡಿದು ಎತ್ತಿದಾಗ, ಹಿಂದಿನ ವಾರಕ್ಕಿಂತ ಎಷ್ಟು ಕಮ್ಮಿಯಾಗಿದ್ದಾರೆ ಎನ್ನುವುದು ನನ್ನ ಕೈಗೆ ಗೊತ್ತಾಗಿಬಿಟ್ಟಿತು. ಮುಖದಲ್ಲಿ ಕಂಡಿರಬೇಕು.

"ತೂಕ ಎಷ್ಟು ಬಂತು?" ಎಂದರು.

ನಾನು ಅವರ ಬೆನ್ನಿಗೆ ದಿಂಬು ಇಟ್ಟೆ.

"ಬಾಲಕ್ಕೆ ಆಗ್ತೀನಾ?"

"ಸಾಕು ನಿಮ್ಮ ತಮಾಷೆ" ಎಂದು ಗದರಿ ಅಮ್ಮ ಅಡುಗೆಮನೆಗೆ ಹೋದರು. ತುಂಬಾ ಹೊತ್ತು ಈಚೆ ಬರಲಿಲ್ಲ.

ಅಷ್ಟರಲ್ಲಿ ರೆಕ್ಕೆ ಮುಗಿದಿತ್ತು, ಒಡಲು ಮುಗಿದಿತ್ತು. ಬಾಲವೊಂದು ಬಾಕಿ. ಮನೆಯಲ್ಲಿದ್ದ ಯಾವ ಹಾಳೆಯೂ ಅವರಿಗೆ ಒಪ್ಪಿಗೆಯಾಗಲಿಲ್ಲ. ಎಲ್ಲಕ್ಕಿಂತ ಹಗುರವಾದದ್ದನ್ನೇ ಕಳಿಸಿ ಎಂದು ನನ್ನ ಕೈಲಿ ಕೋಲ್ಕತ್ತಾಗೆ ಫೋನ್ ಮಾಡಿಸಿದರು. ಪಾರ್ಸೆಲ್ ಹೊರಟ ಸುದ್ದಿ ಬಂದ ದಿನವೇ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆ ಸೇರಿದರು. ತಿರುಗಿ ಮನೆಗೆ ಬಂದದ್ದು ಅವರ ದೇಹ ಮಾತ್ರ.

ಮಣ್ಣು ಮುಗಿಸಿಕೊಂಡು ಬಂದು ಮಾರನೆಯ ದಿನ ಆಫೀಸು ತೆರೆದೆ. ಬೆಳಗಿನ ಗಾಡಿಯಲ್ಲಿ ಆ ಉದ್ದನೆಯ ಡಬ್ಬ ಇಳಿಯಿತು. ವಿಳಾಸದಾರರು ತೀರಿಕೊಂಡಿದ್ದರೆ ಹಾಗೆಂದು ಬರೆದು ವಾಪಸು ಕಳಿಸುವುದು ನಮ್ಮಲ್ಲಿ ಪದ್ಧತಿ. ಎಷ್ಟೋ ಜನರ ಪಾರ್ಸೆಲ್ಲಿನ ಮೇಲೆ ನಾನೇ ಬರೆದಿದ್ದೇನೆ. ಇದರ ಮೇಲೆ ಬರೆಯಲು ಕೈ ಬರಲಿಲ್ಲ. ಡಬ್ಬ ಎತ್ತಿಕೊಂಡು ಭದ್ರಾವತಿಯ ಬಸ್ಸು ಹತ್ತಿದೆ.

"ನೀನೇ ಬಿಚ್ಚು" ಎಂದರು ಅಮ್ಮ.

ಹಾಳೆಗಳನ್ನು ಡಾಕ್ಟ್ರ ಮೇಜಿನ ಮೇಲೆ ಹರಡಿದೆ. ಒಂದನ್ನು ಅಂಗೈ ಮೇಲಿಟ್ಟುಕೊಂಡೆ, ಇನ್ನೊಂದನ್ನು ಇಟ್ಟುಕೊಂಡೆ. ಎರಡೂ ಒಂದೇ ಎನ್ನಿಸಿತು. "ಯಾವುದು ಡಾಕ್ಟ್ರೇ?" ಎಂದು ಬಾಯಿಬಿಟ್ಟು ಕೇಳಿ, ಕುರ್ಚಿಯ ಕಡೆ ತಿರುಗಿದೆ.

ಅಮ್ಮ ಬಂದು ಪಕ್ಕದಲ್ಲಿ ಕೂತರು. "ಇನ್ಮೇಲೆ ನೀನೇ ಹೇಳ್ಬೇಕಲ್ಲ ಮಗಾ" ಎಂದರು.

ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ತುಂಬಾ ಹೊತ್ತು ಅತ್ತೆ. ಆಮೇಲೆ ಒಂದನ್ನು ಆರಿಸಿದೆ.