ಕಪ್ತಾನರ ಮಧ್ಯಾಹ್ನದ ಊಟ

ಕಳೆದ ತಿಂಗಳು ಗಿರಣಿಯ ಆಫೀಸಿಗೆ ಹೊಸ ಬಾಗಿಲು ಕೂರಿಸಿದೆವು. ಮುಚ್ಚಿದರೆ ಯಂತ್ರದ ಸದ್ದು ಒಳಗೆ ಬರುವುದಿಲ್ಲ. ಮೊದಲ ದಿನ ಮಧ್ಯಾಹ್ನ ಅದನ್ನು ಮುಚ್ಚಿಕೊಂಡು ಬುತ್ತಿಯ ಡಬ್ಬಿ ತೆರೆದೆ. ಪುಂಡಿಪಲ್ಯದ ಹುಳಿವಾಸನೆ ಕೋಣೆ ತುಂಬಿತು. ಒಬ್ಬಳೇ ಉಣ್ಣುವುದು ನನಗೆ ಹಿತ. ಮಾತು ಹುಡುಕುವ ಕಷ್ಟವಿಲ್ಲ. ಆದರೆ ತುತ್ತು ಮುರಿಯುವ ಮೊದಲೇ ದೊಡ್ಡಪ್ಪ ನೆನಪಾದರು.

ದೊಡ್ಡಪ್ಪ ಯುದ್ಧನೌಕೆಯ ಕಪ್ತಾನರಾಗಿದ್ದವರು. ತಂಗಡಗಿಯ ಕೃಷ್ಣೆಯೇ ದೊಡ್ಡ ನೀರೆಂದು ತಿಳಿದ ನಮ್ಮ ಮನೆತನದಿಂದ ಸಮುದ್ರಕ್ಕೆ ಹೇಗೆ ಹೋದಿರಿ ಎಂದು ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದರು. ನಿವೃತ್ತಿಯ ಹೊತ್ತಿಗೆ ಮುಂಬಯಿಯ ಕಂಪನಿಯೊಂದು ಅವರನ್ನು ದೊಡ್ಡ ಹುದ್ದೆಗೆ ಕರೆದಿತ್ತು. ಅಷ್ಟರಲ್ಲಿ ನನ್ನ ಅಪ್ಪ ತೀರಿಕೊಂಡರು. ತಾಳಿಕೋಟೆಯ ಹೊರಗಿನ ನಮ್ಮ ತೊಗರಿಬೇಳೆ ಗಿರಣಿಯನ್ನು ನೋಡಿಕೊಳ್ಳುವವರು ಇರಲಿಲ್ಲ. ದೊಡ್ಡಪ್ಪ ಬಂದು ತಮ್ಮನ ಕುರ್ಚಿಯಲ್ಲಿ ಕುಳಿತರು. ಆಗಷ್ಟೇ ಎಂ.ಕಾಂ. ಮುಗಿಸಿದ್ದ ನಾನು, ವ್ಯಾಪಾರವೆಲ್ಲ ತಿಳಿದಿದೆ ಎಂಬ ಗಾಂಭೀರ್ಯದಲ್ಲಿ ಅವರ ಕೈಕೆಳಗೆ ಸೇರಿದೆ.

ಬೆಳಿಗ್ಗೆ ಬಿಳಿ ಅಂಗಿ, ಮಿರುಗುವ ಬೂಟು ತೊಟ್ಟು ಇಡೀ ಗಿರಣಿ ಸುತ್ತುತ್ತಿದ್ದರು. ಯಂತ್ರದ ಬೆಲ್ಟುಗಳಿಗೆ ಕೈ ಸಿಗದಂತೆ ಜಾಳಿಗೆ ಬಂತು, ನೆಲ ಸ್ವಚ್ಛವಾಯಿತು. ಯಾರೂ ಎದುರಾಡಲಿಲ್ಲ. ಅದನ್ನೇ ನಾವಿಬ್ಬರೂ ಒಪ್ಪಿಗೆಯೆಂದು ತಿಳಿದೆವು.

ಬೇಳೆ ಹಸನು ಮಾಡುವ ಹೆಂಗಸರು ಮಧ್ಯಾಹ್ನ ಶೆಡ್ಡಿನಲ್ಲಿ ದುಂಡಗೆ ಕುಳಿತು ಬುತ್ತಿ ಬಿಚ್ಚುತ್ತಾರೆ. ಅಪ್ಪ ದಿನಾ ಹೋಗಿ ಯಾರದಾದರೊಂದು ಬುತ್ತಿಯಿಂದ ರೊಟ್ಟಿ ಮುರಿದು ತಿನ್ನುತ್ತಿದ್ದರು. ದೊಡ್ಡಪ್ಪ ಬಂದ ಮೊದಲ ದಿನವೂ ಹೆಂಗಸರಲ್ಲಿ ಹಿರಿಯಳಾದ ಗೌರವ್ವ ಕರೆದಳು: “ಬರ್ರಿ ಸಾಹೇಬ್ರ, ಊಟ ಮಾಡೂನು.” ದೊಡ್ಡಪ್ಪ ಕೈ ಎತ್ತಿ, “ನಡೀಲಿ, ನಡೀಲಿ,” ಎಂದು ಮುಂದೆ ಹೋದರು. ಆಫೀಸಿನ ಬಾಗಿಲು ಮುಚ್ಚಿಕೊಂಡು ಉಂಡರು. ಆಮೇಲೆ ಯಾರೂ ಕರೆಯಲಿಲ್ಲ.

ತೊಗರಿಯ ಸುಗ್ಗಿ ಶುರುವಾಗುವ ಹೊತ್ತಿಗೆ ಗೌರವ್ವ ನನ್ನನ್ನು ಪಕ್ಕಕ್ಕೆ ಕರೆದಳು. “ಯವ್ವಾ, ಬರೂ ವಾರದಿಂದ ನಾವೆಲ್ಲಾರೂ ಮುದ್ದೇಬಿಹಾಳ ರಸ್ತೆದ ಗಿರಣಿಗೆ ಹೊಂಟೇವಿ.”

“ಪಗಾರ ಕಡಿಮಿ ಆತೇನು?”

“ಪಗಾರ ಛಲೋ ಐತಿ. ಕರದ್ರೂ ನಮ್ಮ ರೊಟ್ಟಿ ಮುಟ್ಟದಾವ್ರ ಕೈಯಾಗ ಹೆಂಗ ದುಡೀಬೇಕು, ನೀನ ಹೇಳು.”

ಸುಗ್ಗಿಯಲ್ಲಿ ಅವರು ಹೋದರೆ ಗಿರಣಿ ಮುಚ್ಚಬೇಕಿತ್ತು. ನೇರವಾಗಿ ಆಫೀಸಿಗೆ ಹೋಗಿ, ಡಬ್ಬಿ ತೆರೆಯುತ್ತಿದ್ದ ದೊಡ್ಡಪ್ಪನಿಗೆ ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಮುಚ್ಚಳ ಕೆಳಗಿಟ್ಟರು.

“ಹಡಗಿನ್ಯಾಗ ಕಪ್ತಾನ ಒಬ್ಬಾವನ ಉಣ್ತಾನವ್ವಾ. ಆಫೀಸರ ಊಟದ ಕೋಣಿಗೂ ಅವ್ರು ಕರದ್ರಷ್ಟ ಹೋಗಬೇಕು. ಮೊದಲನೇ ದಿನ ಅದ ರೂಢಿಲೆ ಮುಂದ ಹೋದೆ. ಇವ್ರು ಮತ್ತ ಕರೀತಾರೇನಂತ ದಿನಾ ಕಾದೆ.”

“ಒಬ್ಬರ ಯಾಕ ಉಣ್ಣಬೇಕು?”

“ಎಂದಾರ ಹಡಗಿಗಿ ಬೆಂಕಿ ಹತ್ತಿದ್ರ ಯಾರನ್ನರ ಅದರಾಗ ಇಳಸಬೇಕಾಗ್ತದ. ಕೂಡಿ ಉಂಡಾವನ್ನ ಇಳಿ ಅನ್ನಾಕ ಬಾಯಿ ಬರಂಗಿಲ್ಲ.”

ಹಾಗೆ ಯಾರನ್ನಾದರೂ ಇಳಿಸಿದ್ದರೇ? ನಾನು ಕೇಳಲಿಲ್ಲ. ಅವರು ಡಬ್ಬಿಗೆ ಮುಚ್ಚಳ ಹಾಕಿ ಎದ್ದರು.

ಶೆಡ್ಡಿನ ಬಾಗಿಲಲ್ಲಿ ನಿಂತು, ತಮ್ಮದೇ ಗಿರಣಿಯಲ್ಲಿ, “ಒಳಗ ಬರಲೇನ್ರಿ?” ಎಂದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

“ಬೂಟ ಬಿಟ್ಟು ಬರ್ರಿ,” ಎಂದಳು ಗೌರವ್ವ.

ಬಗ್ಗಿ ಲೇಸು ಬಿಚ್ಚಲು ಅವರಿಗೆ ಹೊತ್ತು ಹಿಡಿಯಿತು. “ಹಡಗ ದಂಡಿಗಿ ಹತ್ತಾಕ ಭಾಳ ವ್ಯಾಳ್ಯಾ ಹಿಡೀತೈತಿ ನೋಡ್ರಿ,” ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರಿಗಿಂತ ಮೊದಲು ನಕ್ಕವರು ದೊಡ್ಡಪ್ಪ. ಚಕ್ಕಳಮಕ್ಕಳ ಹಾಕಲು ಮೊಣಕಾಲು ಬಾಗಲಿಲ್ಲ. ಒಬ್ಬಳು ತನ್ನ ಮಣೆ ಸರಿಸಿಕೊಟ್ಟಳು. ಗೌರವ್ವ ರೊಟ್ಟಿಯ ಮೇಲೆ ಖಾರದ ಶೇಂಗಾ ಚಟ್ನಿಪುಡಿ ಹಾಕಿ ಕೈಗಿಟ್ಟಳು. ಅವರು ತಲೆ ಎತ್ತದೆ ಉಂಡರು. ಕಣ್ಣಲ್ಲಿ ನೀರಿತ್ತು. ಖಾರ ಹೆಚ್ಚಾಗಿದೆ ಎಂದು ಎಲ್ಲರೂ ಅಂದುಕೊಂಡರು. ನಾನೂ ಹಾಗೆಯೇ ಅಂದುಕೊಳ್ಳಲು ನೋಡಿದೆ.

ಇಬ್ಬರು ಮುದ್ದೇಬಿಹಾಳ ರಸ್ತೆಯ ಗಿರಣಿಗೆ ಹೋದರು. ಉಳಿದವರು ನಮ್ಮಲ್ಲೇ ನಿಂತರು. ಗಿರಣಿ ಉಳಿಯಿತು.

ದೊಡ್ಡಪ್ಪ ಈಗಿಲ್ಲ. ಅವರ ಕುರ್ಚಿ ನನ್ನದು. ಹೊಸ ಬಾಗಿಲಿನ ಆ ಮೊದಲ ದಿನ ನಾನೂ ಡಬ್ಬಿ ಮುಚ್ಚಿ ಶೆಡ್ಡಿಗೆ ಹೋದೆ. ಹೆಂಗಸರು ಊಟಕ್ಕೆ ಕುಳಿತಿದ್ದರು. ಅವರ ನಡುವೆ, ದೊಡ್ಡಪ್ಪನಿಗೆ ಸರಿಸಿಕೊಟ್ಟಿದ್ದ ಆ ಮಣೆ ಖಾಲಿಯಿತ್ತು.

“ನೀನೂ ಕದಾ ಹಾಕ್ಕೊಂಡಿ ಅಂದ್ಕೊಂಡಿದ್ವಿ,” ಎಂದಳು ಗೌರವ್ವ, ತಲೆ ಎತ್ತದೆ.

ನನ್ನ ಚಪ್ಪಲಿಗೆ ಲೇಸು ಇರಲಿಲ್ಲ. ಆದರೂ ಬಿಡಲು ಹೊತ್ತು ಹಿಡಿಯಿತು.